ದಾಖಲೆಯ ಓಟ ಮತ್ತು ಮನೆಯವರ ಹಕ್ಕು

ನಮಾಝ್, ಉಪವಾಸ, ಝಕಾತ್‌ಗಳ ವಿಷಯದಲ್ಲಿ ಸಂಶಯ ಬಂದರೆ ಕೇಳಲು ವಿದ್ವಾಂಸರಿದ್ದಾರೆ, ತೆರೆದು ನೋಡಲು ಗ್ರಂಥಗಳಿವೆ. ಹಲಾಲ್ ಯಾವುದು, ಹರಾಮ್ ಯಾವುದು ಎಂಬುದೂ ಬಹುಮಟ್ಟಿಗೆ ಸ್ಪಷ್ಟವಾಗಿದೆ. ಆದರೆ ಮನುಷ್ಯನು ಎಡವುವುದು ಹೆಚ್ಚಾಗಿ ಈ ಸ್ಪಷ್ಟವಾದ ಗಡಿಗಳ ಬಳಿಯಲ್ಲಿ ಅಲ್ಲ. ಯಾರೂ ತಪ್ಪೆನ್ನಲಾರದ, ನೋಡಿದವರೆಲ್ಲ ಮೆಚ್ಚುವ ಒಂದು ಒಳ್ಳೆಯ ಕೆಲಸವನ್ನು ಮಾಡುತ್ತಾ ಮಾಡುತ್ತಾ ಅವನು ಇನ್ನೊಬ್ಬರ ಹಕ್ಕನ್ನು ತುಳಿದುಬಿಡುವುದುಂಟು. ತುಳಿದದ್ದು ಅವನಿಗೆ ತಿಳಿಯುವುದೂ ಇಲ್ಲ. ಅಂತಹ ಒಂದು ವಿಷಯವನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ. ವಿಷಯ ಓಟಕ್ಕೆ ಸಂಬಂಧಿಸಿದ್ದು. ಮದ್ರಸದಲ್ಲಿ ಕಲಿಸುವವನಿಗೆ ಓಟದ ಚಿಂತೆ ಏಕೆ ಎಂದು ಕೆಲವರಿಗೆ ಅನಿಸಬಹುದು. ಕೊನೆಯವರೆಗೆ ಓದಿ ತೀರ್ಮಾನಿಸಬೇಕೆಂದು ವಿನಂತಿ.

ಬಿ.ಎ. ಓದುತ್ತಿದ್ದಾಗ ನಾನು ಅಂತರ ಕಾಲೇಜು ಗುಡ್ಡಗಾಡು ಓಟದಲ್ಲಿ ಭಾಗವಹಿಸಿದ್ದೆ. ಹತ್ತು ಕಿಲೋಮೀಟರನ್ನು 41 ನಿಮಿಷ 20 ಸೆಕೆಂಡುಗಳಲ್ಲಿ ಓಡಿ ಮುಗಿಸಿದ್ದೆ. ಅದೇನೂ ದೊಡ್ಡ ಸಾಧನೆಯಲ್ಲ. ನನಗಿಂತ ಮುಂದೆ ಹತ್ತಾರು ಮಂದಿ ಇದ್ದರು. ಆದರೆ ಅದು ನನ್ನ ಜೀವನದ ಅತ್ಯುತ್ತಮ ಓಟವಾಗಿತ್ತು. ಆಗ ನನಗೆ ಇಪ್ಪತ್ತು ವರ್ಷ. ಬಳಿಕ ಕೆಲಸ, ಮದುವೆ, ಮಕ್ಕಳು. ಓಟ ತಾನಾಗಿಯೇ ನಿಂತುಹೋಯಿತು. ಮೂವತ್ತೆರಡನೇ ವಯಸ್ಸಿನಲ್ಲಿ ವೈದ್ಯರು ರಕ್ತ ಪರೀಕ್ಷೆಯ ಚೀಟಿ ನೋಡಿ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೀರಿ, ದಿನವೂ ನಡೆಯಿರಿ ಎಂದರು. ಫಜ್ರ್ ನಮಾಝಿನ ಬಳಿಕ ನಡೆಯತೊಡಗಿದೆ. ನಡಿಗೆ ಓಟವಾಯಿತು. ಒಂದು ವರ್ಷದಲ್ಲಿ ಸಕ್ಕರೆ ಹತೋಟಿಗೆ ಬಂತು. ಅಲ್‌ಹಮ್ದುಲಿಲ್ಲಾಹ್.

ಕಥೆ ಅಲ್ಲಿಗೆ ಮುಗಿಯಬಹುದಿತ್ತು. ಆದರೆ ನಾನೊಂದು ನೋಟ್ ಪುಸ್ತಕ ಇಟ್ಟಿದ್ದೆ. ಅದರಲ್ಲಿ ಹತ್ತು ಕಿಲೋಮೀಟರಿನ ಸಮಯ ಮೊದಲು 58 ನಿಮಿಷ ಇತ್ತು. ಅದು 52 ಆಯಿತು, 47 ಆಯಿತು. ಮೂರನೇ ವರ್ಷ 43 ನಿಮಿಷ 30 ಸೆಕೆಂಡಿಗೆ ಬಂದು ನಿಂತಾಗ ನನ್ನೊಳಗೆ ಒಂದು ಆಸೆ ಹುಟ್ಟಿತು. ಇನ್ನು ಎರಡು ನಿಮಿಷ ಹತ್ತು ಸೆಕೆಂಡು ಕಡಿಮೆ ಮಾಡಿದರೆ ಇಪ್ಪತ್ತರ ಪ್ರಾಯದ ನನ್ನನ್ನು ಸರಿಗಟ್ಟಬಹುದು. ಒಂದೇ ಒಂದು ಸೆಕೆಂಡು ಹೆಚ್ಚು ಉಳಿಸಿದರೆ ಅವನನ್ನು ಸೋಲಿಸಬಹುದು.

ಹೊಸ್ತಿಲಿನ ಸಕ್ಕರೆಯನ್ನು ಇಳಿಸಲು ಓಡಿದವನು ಯಾರೂ ಕೇಳದ, ಯಾರಿಗೂ ಬೇಡದ ಒಂದು ದಾಖಲೆಗಾಗಿ ಓಡತೊಡಗಿದೆ. ಎರಡೂ ಓಟಗಳು ಹೊರಗಿನಿಂದ ಒಂದೇ ತೆರನಾಗಿ ಕಾಣುತ್ತವೆ. ಅದೇ ರಸ್ತೆ, ಅದೇ ಶೂ, ಅದೇ ಬೆವರು. ಆದರೆ ಅವೆರಡೂ ಒಂದೇ ಕರ್ಮವೇ?

ನೋಟ್ ಪುಸ್ತಕದಲ್ಲಿ ಇಲ್ಲದ ಕಾಲಮು

ಕಳೆದ ವರ್ಷ ಪರ ಊರಿನಲ್ಲಿ ನಡೆಯಲಿದ್ದ ಹತ್ತು ಕಿಲೋಮೀಟರ್ ಓಟವೊಂದಕ್ಕೆ ಹೆಸರು ಕೊಟ್ಟಿದ್ದೆ. ಓಟಕ್ಕೆ ಎರಡು ವಾರವಿರುವಾಗ ನಮ್ಮ ಕಿರಿಯ ಮಗುವಿಗೆ ಕೆಮ್ಮು ಶುರುವಾಯಿತು. ಆಗ ಅದಕ್ಕೆ ಹದಿನಾಲ್ಕು ತಿಂಗಳು. ರಾತ್ರಿಯಿಡೀ ಕೆಮ್ಮಿ ಅಳುತ್ತಿತ್ತು. ನಿದ್ದೆ ಕೆಟ್ಟರೆ ಇಷ್ಟು ದಿನದ ಅಭ್ಯಾಸ ಹಾಳಾಗುತ್ತದೆ ಎಂದು ನಾನು ಚಾಪೆ, ದಿಂಬು ಎತ್ತಿಕೊಂಡು ಮುಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿ ಮಲಗಿದೆ. ಮೂರು ರಾತ್ರಿ ಹೀಗೆಯೇ ಕಳೆಯಿತು. ಮೂರು ಮುಂಜಾನೆಯೂ ನಾನು ಹೊತ್ತಿಗೆ ಸರಿಯಾಗಿ ಎದ್ದು, ಜಮಾಅತ್ ನಮಾಝ್ ಮುಗಿಸಿ, ಓಡಿ ಬಂದೆ.

ಮೂರನೇ ದಿನ ನಾನು ಪುಸ್ತಕದಲ್ಲಿ ಸಮಯ ಬರೆಯುತ್ತಿದ್ದಾಗ ಪತ್ನಿ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಪಕ್ಕದಲ್ಲಿ ನಿಂತು ನೋಡಿದಳು. ಕೋಪದಿಂದೇನೂ ಮಾತಾಡಲಿಲ್ಲ. "ಇಲ್ಲಿ ನಲ್ವತ್ನಾಲ್ಕು ನಿಮಿಷ ಎಂದು ಬರೆದಿದ್ದೀರಿ. ನೀವು ಶೂ ಹಾಕಿ ಹೊರಟಲ್ಲಿಂದ ಸ್ನಾನ ಮುಗಿಸಿ ತಿಂಡಿಗೆ ಕೂರುವವರೆಗೆ ಎರಡು ಗಂಟೆ ಆಗುತ್ತದೆ. ಆ ಬಾಕಿ ಸಮಯ ಬರೆಯಲು ಇದರಲ್ಲಿ ಕಾಲಮೇ ಇಲ್ಲವಲ್ಲ?" ಎಂದು ಕೇಳಿ ಒಳಗೆ ಹೋದಳು.

ಅಂದು ಮದ್ರಸದಲ್ಲಿ ಮಕ್ಕಳು ಪಾಠ ಒಪ್ಪಿಸುತ್ತಿದ್ದಾಗಲೂ ನನ್ನ ಮನಸ್ಸು ಆ ಲೆಕ್ಕದಲ್ಲೇ ಇತ್ತು. ವಾರಕ್ಕೆ ನಾಲ್ಕು ದಿನ ಮುಂಜಾನೆಯ ಓಟ, ಆದಿತ್ಯವಾರ ಇಪ್ಪತ್ತು ಕಿಲೋಮೀಟರಿನ ದೀರ್ಘ ಓಟ. ಓಡಿದ ಸಮಯ ಮಾತ್ರ ಕೂಡಿಸಿದರೆ ಸುಮಾರು ಐದು ಗಂಟೆ. ನನ್ನ ಪುಸ್ತಕದಲ್ಲಿರುವುದು ಅಷ್ಟೇ. ಆದರೆ ಮೈ ಸಡಿಲಿಸುವುದು, ದಣಿವಾರಿಸಿಕೊಳ್ಳುವುದು, ಸ್ನಾನ, ಆದಿತ್ಯವಾರದ ಮಧ್ಯಾಹ್ನದ ನಿದ್ದೆ ಎಲ್ಲವನ್ನೂ ಸೇರಿಸಿದರೆ ನಾನು ಮನೆಯವರ ಪಾಲಿಗೆ ಇಲ್ಲದಿದ್ದದ್ದು ವಾರಕ್ಕೆ ಹನ್ನೆರಡು ಗಂಟೆ. ಆ ಹೊತ್ತಿನಲ್ಲಿ ಒಲೆಯ ಮೇಲೆ ರೊಟ್ಟಿ ಬೇಯುತ್ತಿತ್ತು, ದೊಡ್ಡ ಮಗನ ಶಾಲೆಯ ಚೀಲ ತುಂಬುತ್ತಿತ್ತು, ಮಗಳ ಜಡೆ ಹೆಣೆಯಲ್ಪಡುತ್ತಿತ್ತು, ಚಿಕ್ಕದರ ಅಳು ನಿಲ್ಲುತ್ತಿತ್ತು. ಇವೆಲ್ಲವೂ ತಾವಾಗಿಯೇ ಆಗುತ್ತಿದ್ದವು ಎಂದು ನಾನು ತಿಳಿದಿದ್ದೆ. ತಾವಾಗಿ ಏನೂ ಆಗುತ್ತಿರಲಿಲ್ಲ. ಒಬ್ಬಳೇ ಮಾಡುತ್ತಿದ್ದಳು. ನನ್ನ ಕೈಯ ಗಡಿಯಾರ ನನ್ನ ನಿಮಿಷಗಳನ್ನು ಸೆಕೆಂಡಿನ ನೂರನೆಯ ಭಾಗದವರೆಗೆ ಅಳೆಯುತ್ತಿತ್ತು. ಅವಳ ಗಂಟೆಗಳನ್ನು ಅಳೆಯುವ ಗಡಿಯಾರ ಯಾರ ಕೈಯಲ್ಲೂ ಇರಲಿಲ್ಲ.

ಇದನ್ನು 'ವೈಯಕ್ತಿಕ ದಾಖಲೆ' ಎಂದು ಕರೆಯುತ್ತಾರೆ. ಇಪ್ಪತ್ತರ ಪ್ರಾಯದಲ್ಲಿ ಅದು ನಿಜಕ್ಕೂ ವೈಯಕ್ತಿಕವೇ ಆಗಿತ್ತು. ಅಂದು ನಾನು ಖರ್ಚು ಮಾಡಿದ ಸಮಯ ನನ್ನದೇ. ಮಕ್ಕಳಾದ ಬಳಿಕ ಮಾಡುವ ದಾಖಲೆ ಹಾಗಲ್ಲ. ಅದಕ್ಕೆ ಬೇಕಾದ ಸಮಯವನ್ನು ಇಡೀ ಮನೆಯ ಖಾತೆಯಿಂದ ತೆಗೆಯಬೇಕಾಗುತ್ತದೆ. ಖಾತೆ ಎಲ್ಲರದು, ಹೆಸರು ಮಾತ್ರ ಒಬ್ಬನದು.

ಶರೀರದ ಹಕ್ಕು ಎಲ್ಲಿಯವರೆಗೆ?

ಇಲ್ಲಿ ಅವಸರದ ತೀರ್ಪು ಕೊಡಬಾರದು. ಮಕ್ಕಳಾದ ಮೇಲೆ ಓಟವೇಕೆ, ಆಟವೇಕೆ, ಮನೆಯಲ್ಲಿ ಕುಳಿತಿರಿ ಎಂದು ಇಸ್ಲಾಮ್ ಹೇಳುವುದಿಲ್ಲ. ಬಲಿಷ್ಠನಾದ ವಿಶ್ವಾಸಿಯು ದುರ್ಬಲನಾದ ವಿಶ್ವಾಸಿಗಿಂತ ಉತ್ತಮನೂ ಅಲ್ಲಾಹನಿಗೆ ಹೆಚ್ಚು ಪ್ರಿಯನೂ ಆಗಿದ್ದಾನೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಇಬ್ಬರಲ್ಲೂ ಒಳಿತಿದೆ ಎಂದೂ ಜೊತೆಗೇ ಹೇಳಿದ್ದಾರೆ (ಮುಸ್ಲಿಮ್). ಸಹಾಬಿಗಳಲ್ಲಿ ಒಳ್ಳೆಯ ಓಟಗಾರರಿದ್ದರು. ಹ. ಸಲಮ ಬಿನ್ ಅಕ್ವಅ್(ರ) ಕಾಲ್ನಡಿಗೆಯಲ್ಲಿಯೇ ದರೋಡೆಕೋರರ ಬೆನ್ನಟ್ಟಿದ ವೀರರು. ಅದೇ ಪ್ರಯಾಣದಿಂದ ಮರಳುವಾಗ ಅನ್ಸಾರಿಯೊಬ್ಬರು, ಮದೀನದವರೆಗೆ ತನ್ನೊಡನೆ ಓಡುವವರಿದ್ದಾರೆಯೇ ಎಂದು ಸವಾಲು ಹಾಕಿದರು. ಸಲಮ(ರ) ಪ್ರವಾದಿವರ್ಯರ(ಸ) ಅನುಮತಿ ಕೇಳಿ ಓಟಕ್ಕಿಳಿದರು. ಮೊದಲ ಒಂದೆರಡು ದಿಬ್ಬಗಳವರೆಗೆ ಉಸಿರನ್ನು ಕಾಪಾಡಿಕೊಂಡು ತಡೆದು ಓಡಿ, ಬಳಿಕ ವೇಗ ಹೆಚ್ಚಿಸಿ ಎದುರಾಳಿಯನ್ನು ಹಿಂದಿಕ್ಕಿದರು. ಇಂದಿನ ತರಬೇತುದಾರರು ಕಲಿಸುವುದೂ ಇದನ್ನೇ. ಆದುದರಿಂದ ಓಟದ ಸ್ಪರ್ಧೆ ನಮಗೆ ಹೊಸದೂ ಅಲ್ಲ, ಅನ್ಯವೂ ಅಲ್ಲ. ಆದರೂ ಅಷ್ಟು ಸಮರ್ಥರಾದ ಸಲಮ(ರ) ಅನುಮತಿ ಕೇಳಿಯೇ ಓಡಿದರು ಎಂಬುದನ್ನು ಓದುಗರು ಗಮನಿಸಬೇಕು.

ಶರೀರಕ್ಕೆ ಹಕ್ಕಿದೆ. ಆ ಹಕ್ಕಿಗೆ ಒಂದು ಅಳತೆಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ವ್ಯಾಯಾಮ, ಇಲ್ಲವೇ 75ರಿಂದ 150 ನಿಮಿಷಗಳ ಬಿರುಸಿನ ವ್ಯಾಯಾಮ ಬೇಕು. ಬಿರುಸಿನ ಓಟವಾದರೆ ಎರಡೂವರೆ ಗಂಟೆಯೊಳಗೆ ಮುಗಿಯುತ್ತದೆ. ನನ್ನ ಸಕ್ಕರೆ ಇಳಿದದ್ದೂ ಅಷ್ಟರಲ್ಲಿಯೇ. ಅದಕ್ಕಿಂತ ಹೆಚ್ಚಿನದ್ದೆಲ್ಲ ಪಾಪವೆಂದು ಹೇಳುತ್ತಿಲ್ಲ. ಆದರೆ ಅದನ್ನು ಆರೋಗ್ಯದ ಖಾತೆಗೆ ಬರೆಯುವುದು ಪ್ರಾಮಾಣಿಕತೆಯಲ್ಲ. ಓಟದಲ್ಲಿ ಇನ್ನೊಂದು ಸತ್ಯವಿದೆ. ಮೊದಲ ಹತ್ತು ನಿಮಿಷಗಳನ್ನು ಕಡಿಮೆ ಮಾಡುವುದು ಸುಲಭ. ಕೊನೆಯ ಎರಡು ನಿಮಿಷಗಳಿಗೆ ಅದಕ್ಕಿಂತ ಹೆಚ್ಚು ಬೆಲೆ ತೆರಬೇಕು. ಹೆಚ್ಚು ದೂರ, ಹೆಚ್ಚು ದಿನ, ಹೆಚ್ಚು ವಿಶ್ರಾಂತಿ. ಸಾಲದ್ದಕ್ಕೆ, ದೂರದ ಓಟಗಾರನ ಸಾಮರ್ಥ್ಯವು ಸಾಮಾನ್ಯವಾಗಿ ಮೂವತ್ತೈದರ ಆಸುಪಾಸಿನಿಂದ ನಿಧಾನವಾಗಿ ಇಳಿಯತೊಡಗುತ್ತದೆ. ಆದುದರಿಂದ ಪ್ರತಿಯೊಂದು ಸೆಕೆಂಡಿನ ಬೆಲೆ ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಗುತ್ತದೆ. ಆ ಬೆಲೆಯನ್ನು ಯಾರು ತೆರುತ್ತಿದ್ದಾರೆ ಎಂಬುದೇ ಪ್ರಶ್ನೆ.

ಹ. ಅಬ್ದುಲ್ಲಾ ಬಿನ್ ಅಮ್ರ್(ರ) ಅವರ ಘಟನೆಯನ್ನು ನಾನು ಎಷ್ಟೋ ಬಾರಿ ಮಕ್ಕಳಿಗೆ ಪಾಠ ಮಾಡಿದ್ದೇನೆ. ಅವರು ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ನಿಶ್ಚಯಿಸಿಕೊಂಡಿದ್ದ ಯುವಕ. ಅವರ ತಂದೆ ಸೊಸೆಯೊಡನೆ, ನಿನ್ನ ಗಂಡ ಹೇಗಿದ್ದಾನೆ ಎಂದು ವಿಚಾರಿಸಿದರು. ಆಕೆ ದೂರಲಿಲ್ಲ. ಬಹಳ ಒಳ್ಳೆಯ ಮನುಷ್ಯ, ಆದರೆ ನಾನು ಬಂದಂದಿನಿಂದ ನನ್ನ ಬಳಿಗೆ ಬಂದಿಲ್ಲ ಎಂಬರ್ಥದಲ್ಲಿ ಸಂಕೋಚದಿಂದ ಹೇಳಿದಳು. ವಿಷಯ ಪ್ರವಾದಿವರ್ಯರಿಗೆ(ಸ) ತಲುಪಿತು. ಅವರು ಅಬ್ದುಲ್ಲಾರನ್ನು(ರ) ಕರೆಸಿ, ಶರೀರಕ್ಕೆ, ಕಣ್ಣಿಗೆ, ಪತ್ನಿಗೆ, ಅತಿಥಿಗೆ ಒಂದೊಂದು ಹಕ್ಕಿದೆಯೆಂದು ತಿಳಿಸಿ, ತಿಂಗಳಿಗೆ ಮೂರು ಉಪವಾಸ ಸಾಕೆಂದರು. ಅಬ್ದುಲ್ಲಾ(ರ) ತನಗೆ ಅದಕ್ಕಿಂತ ಹೆಚ್ಚಿನ ಸಾಮರ್ಥ್ಯವಿದೆ ಎಂದರು. ಸ್ವಲ್ಪ ಹೆಚ್ಚಿಸಿದರು. ಆಗಲೂ ಅದೇ ಮಾತು, ಇನ್ನೂ ಹೆಚ್ಚಿನ ಸಾಮರ್ಥ್ಯವಿದೆ. ಕೊನೆಗೆ ಒಂದು ದಿನ ಬಿಟ್ಟು ಒಂದು ದಿನದ ದಾವೂದ್(ಅ)ರ ಉಪವಾಸಕ್ಕೆ ಬಂದು ನಿಂತಿತು. ಅದಕ್ಕಿಂತ ಶ್ರೇಷ್ಠವಾದುದು ಇಲ್ಲವೆಂದು ಪ್ರವಾದಿವರ್ಯರು(ಸ) ಗೆರೆ ಎಳೆದರು (ಬುಖಾರಿ). ವೃದ್ಧರಾದ ಮೇಲೆ ಅಬ್ದುಲ್ಲಾ(ರ), ಅಂದು ಕೊಟ್ಟಿದ್ದ ರಿಯಾಯಿತಿಯನ್ನು ಸ್ವೀಕರಿಸಬೇಕಿತ್ತು ಎಂದು ಪರಿತಪಿಸಿದರು.

ಪಾಠ ಮಾಡುವಾಗ ನನಗೆ ಹೊಳೆಯದ ಒಂದು ಸಂಗತಿ ಈ ಓಟದ ಹುಚ್ಚಿನಲ್ಲಿ ಹೊಳೆಯಿತು. 'ನನಗೆ ಇನ್ನೂ ಹೆಚ್ಚು ಸಾಧ್ಯ' ಎಂಬ ಮಾತು ಸುಳ್ಳಾಗಿರಲಿಲ್ಲ. ಅವರಿಗೆ ನಿಜಕ್ಕೂ ಸಾಮರ್ಥ್ಯವಿತ್ತು. ಆದರೆ ಪ್ರವಾದಿವರ್ಯರು(ಸ) ಅವರ ಸಾಮರ್ಥ್ಯವೊಂದನ್ನೇ ಅಳತೆಗೋಲು ಮಾಡಲಿಲ್ಲ. ನಿನಗೆ ಎಷ್ಟು ಸಾಧ್ಯ ಎಂಬುದು ಒಂದು ಪ್ರಶ್ನೆ. ನಿನ್ನ ಮೇಲೆ ಯಾರ್ಯಾರ ಹಕ್ಕುಗಳಿವೆ ಎಂಬುದು ಬೇರೆ ಪ್ರಶ್ನೆ. ಓಟಗಾರನ ಪುಸ್ತಕ ಮೊದಲನೆಯದನ್ನು ಮಾತ್ರ ಕೇಳುತ್ತದೆ. ಉಪವಾಸ, ನಮಾಝಿನಂತಹ ಆರಾಧನೆಯಲ್ಲಿಯೇ ಪತ್ನಿಯ ಹಕ್ಕು ಗೆರೆ ಎಳೆಯುವುದಾದರೆ ಹತ್ತು ಕಿಲೋಮೀಟರಿನ ಓಟದ ಪಾಡೇನು?

ಮಗುವಿನ ಅಳುವಿನ ವಿಷಯವನ್ನು ನೆನೆದರೆ ನನಗೆ ಇನ್ನಷ್ಟು ನಾಚಿಕೆಯಾಗುತ್ತದೆ. ಪ್ರವಾದಿವರ್ಯರು(ಸ) ದೀರ್ಘವಾಗಿ ನಮಾಝ್ ನಿರ್ವಹಿಸಬೇಕೆಂದು ನಿಂತಿರುತ್ತಿದ್ದರು. ಹಿಂದಿನ ಸಾಲಿನಿಂದ ಮಗುವಿನ ಅಳು ಕೇಳಿದರೆ, ಅದರ ತಾಯಿಗೆ ಕಷ್ಟವಾಗಬಾರದೆಂದು ನಮಾಝನ್ನು ಸಂಕ್ಷಿಪ್ತಗೊಳಿಸುತ್ತಿದ್ದರು (ಬುಖಾರಿ). ಆ ಮಗು ಯಾರದ್ದೋ. ಆ ತಾಯಿ ಯಾರೋ. ಅವರ ಅಳುವಿಗೆ ಅಲ್ಲಾಹನ ಮುಂದಿನ ನಿಲುಗಡೆಯೇ ಚಿಕ್ಕದಾಯಿತು. ನಾನಾದರೋ ನನ್ನದೇ ಮಗುವಿನ ಕೆಮ್ಮು ಕೇಳದಂತೆ ಬಾಗಿಲು ಹಾಕಿ ಮಲಗಿದ್ದೆ, ಅದೂ ಓಟಕ್ಕಾಗಿ!

ಆ ಇಪ್ಪತ್ತರ ಯುವಕ ಯಾರು?

ಹಳೆಯ ದಾಖಲೆಯನ್ನು ಮುರಿಯಬೇಕೆಂಬ ಹಂಬಲದ ಬುಡದಲ್ಲಿ ಏನಿದೆ? ನಾನು ನನ್ನನ್ನೇ ಪರೀಕ್ಷಿಸಿ ನೋಡಿದೆ. ಲೋಕದ ಹೊಗಳಿಕೆಯ ಆಸೆ ಹೆಚ್ಚೇನೂ ಇರಲಿಲ್ಲ. ನನ್ನ ಸಮಯ ಎಷ್ಟೆಂದು ನಮ್ಮ ಮೊಹಲ್ಲಾದಲ್ಲಿ ಯಾರಿಗೂ ತಿಳಿಯದು. ತಿಳಿದರೂ ಹಾಲಿನ ಬೆಲೆಯಷ್ಟು ಚರ್ಚೆಯಾಗದು. ಇದ್ದದ್ದು ಬೇರೆಯೇ. ವಯಸ್ಸಾಗಿಲ್ಲ, ಏನನ್ನೂ ಕಳೆದುಕೊಂಡಿಲ್ಲ, ಸಂಸಾರದ ಭಾರ ನನ್ನನ್ನು ತಗ್ಗಿಸಿಲ್ಲ ಎಂದು ನನಗೆ ನಾನೇ ಸಾಬೀತುಪಡಿಸಬೇಕಿತ್ತು.

ಆದರೆ ನಾನು ಪಣ ತೊಟ್ಟದ್ದು ಯಾರೊಡನೆ? ಆ ಇಪ್ಪತ್ತರ ಯುವಕನನ್ನು ರಾತ್ರಿ ಎಬ್ಬಿಸುವ ಮಗುವಿರಲಿಲ್ಲ. ಅವನ ದಾರಿ ಕಾಯುವ ಪತ್ನಿ ಇರಲಿಲ್ಲ. ಊಟವನ್ನು ಅವನ ತಾಯಿ ಬಡಿಸುತ್ತಿದ್ದರು, ಶುಲ್ಕವನ್ನು ತಂದೆ ಕಟ್ಟುತ್ತಿದ್ದರು. ಅವನು ಬರಿಗೈಯಲ್ಲಿ ಓಡಿದ. ನಾನು ಮೂವರನ್ನು ಹೊತ್ತು ಓಡುತ್ತಿದ್ದೇನೆ. ಅವನನ್ನು ಸೋಲಿಸಬೇಕಾದರೆ ನಾನು ಹೊತ್ತವರನ್ನು ಕೆಳಗಿಳಿಸಬೇಕು, ಅಂದರೆ ವಾರಕ್ಕೆ ಹನ್ನೆರಡು ಗಂಟೆ ಮಕ್ಕಳಿಲ್ಲದವನಂತೆ ಬದುಕಬೇಕು. ನಾನು ಮಾಡಿದ್ದೂ ಅದನ್ನೇ. ಆ ಹುಡುಗನನ್ನು ಗೆಲ್ಲಲು ಹೋಗಿ ಅವನೇ ಆಗಿಬಿಟ್ಟಿದ್ದೆ.

ಹಾಗಾದರೆ ಮಕ್ಕಳಾದ ಬಳಿಕ ಯಾರೂ ಹಳೆಯ ದಾಖಲೆಯನ್ನು ಮೀರಲಾರರೇ? ಮೀರಿದವರಿದ್ದಾರೆ, ಅದೂ ತಾಯಂದಿರು. ಕೆನ್ಯಾದ ಫೇತ್ ಕಿಪ್ಯೆಗಾನ್ 2018ರಲ್ಲಿ ತಾಯಿಯಾದರು. 2023ರಲ್ಲಿ 1500 ಮೀಟರ್, ಒಂದು ಮೈಲಿ ಮತ್ತು 5000 ಮೀಟರ್ ಓಟಗಳಲ್ಲಿ ವಿಶ್ವದಾಖಲೆ ಮಾಡಿದರು. 2025ರಲ್ಲಿ 1500 ಮೀಟರಿನ ತನ್ನದೇ ದಾಖಲೆಯನ್ನು 3 ನಿಮಿಷ 48.68 ಸೆಕೆಂಡಿಗೆ ಇಳಿಸಿದರು. ಅಮೆರಿಕದ ಕೀರಾ ಡಿಅಮಾಟೊ ಓಟವನ್ನೇ ಬಿಟ್ಟು ಮನೆ-ನಿವೇಶನಗಳ ವ್ಯವಹಾರ ಮಾಡಿಕೊಂಡಿದ್ದವರು. ಇಬ್ಬರು ಮಕ್ಕಳಾದ ಬಳಿಕ ಮರಳಿ ಬಂದು 2022ರ ಜನವರಿಯಲ್ಲಿ ಹ್ಯೂಸ್ಟನ್‌ನಲ್ಲಿ ಮ್ಯಾರಥಾನ್ ಓಟವನ್ನು 2 ಗಂಟೆ 19 ನಿಮಿಷ 12 ಸೆಕೆಂಡುಗಳಲ್ಲಿ ಮುಗಿಸಿ, 2006ರಿಂದ ಉಳಿದಿದ್ದ ತನ್ನ ದೇಶದ ದಾಖಲೆಯನ್ನು ಮುರಿದರು. ಬ್ರಿಟನ್ನಿನ ಪಶುವೈದ್ಯೆ ಜಾಸ್ಮಿನ್ ಪ್ಯಾರಿಸ್ 2019ರ ಜನವರಿಯ ಚಳಿಯಲ್ಲಿ 268 ಮೈಲಿಗಳ ಗುಡ್ಡದ ಓಟದಲ್ಲಿ ಗಂಡಸರೆಲ್ಲರನ್ನೂ ಹಿಂದಿಕ್ಕಿ ಮೊದಲಿಗರಾದರು. ಹದಿನಾಲ್ಕು ತಿಂಗಳ ಹಸುಳೆಗೆ ಹಾಲುಣಿಸುತ್ತಿದ್ದ ಆಕೆ ದಾರಿಯ ತಂಗುದಾಣಗಳಲ್ಲಿ ಎದೆಹಾಲನ್ನು ಹಿಂಡಿ ತೆಗೆಯುತ್ತಾ ಓಡಿದರು.

ಮರಳಿ ಬಂದೂ ಹಳೆಯ ಸಮಯವನ್ನು ಮುಟ್ಟದವರಿದ್ದಾರೆ. ಪೌಲಾ ರ್ಯಾಡ್‌ಕ್ಲಿಫ್ 2003ರಲ್ಲಿ ಲಂಡನ್ನಿನಲ್ಲಿ 2 ಗಂಟೆ 15 ನಿಮಿಷ 25 ಸೆಕೆಂಡುಗಳ ವಿಶ್ವದಾಖಲೆ ಮಾಡಿದ್ದರು. 2007ರ ಜನವರಿಯಲ್ಲಿ ಮಗುವಾಯಿತು. ಅದೇ ನವೆಂಬರಿನಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದರು, 2 ಗಂಟೆ 23 ನಿಮಿಷ 9 ಸೆಕೆಂಡು. 2003ರ ಸಮಯಕ್ಕೆ ಅವರು ಮತ್ತೆಂದೂ ತಲುಪಲಿಲ್ಲ. ಆ ಕಾರಣಕ್ಕೆ ಅವರ ನ್ಯೂಯಾರ್ಕ್ ಗೆಲುವು ಸಣ್ಣದೆಂದು ಯಾರಾದರೂ ಹೇಳಿಯಾರೇ?

ಲಂಡನ್ ಒಲಿಂಪಿಕ್ಸ್‌ನಲ್ಲಿ ಟ್ರ್ಯಾಕಿನ ಮೇಲೆಯೇ ಸುಜೂದ್ ಮಾಡಿದ ಮೊ ಫರಾಹ್ ಅವರನ್ನು ನಮ್ಮಲ್ಲಿ ಹಲವರು ಬಲ್ಲರು. 2012ರ ಆಗಸ್ಟಿನಲ್ಲಿ ಅವರು 10,000 ಮತ್ತು 5,000 ಮೀಟರ್ ಓಟಗಳನ್ನು ಗೆದ್ದಾಗ ಪತ್ನಿ ಅವಳಿ ಮಕ್ಕಳ ತುಂಬು ಗರ್ಭಿಣಿ. ಆ ತಿಂಗಳೇ ಮಕ್ಕಳು ಹುಟ್ಟಿದರು. ಎರಡು ಚಿನ್ನದ ಪದಕಗಳನ್ನು ಅವರಿಗೇ ಅರ್ಪಿಸಿದರು. ಇಂತಹ ಓಟಗಾರರು ತರಬೇತಿಗಾಗಿ ತಿಂಗಳುಗಟ್ಟಲೆ ಮನೆಯಿಂದ ದೂರವಿರುತ್ತಾರೆ. ಅದನ್ನು ತಪ್ಪೆನ್ನುವ ಮೊದಲು ನಮ್ಮ ಮನೆಗಳನ್ನೇ ನೋಡೋಣ. ಕರಾವಳಿಯ ಎಷ್ಟು ಮಕ್ಕಳು ತಂದೆಯನ್ನು ಫೋನಿನ ಪರದೆಯಲ್ಲಿ ನೋಡಿಯೇ ಬೆಳೆದಿಲ್ಲ? ಗಲ್ಫ್‌ನಲ್ಲಿ ದುಡಿಯುವ ಆ ತಂದೆಯನ್ನು ಯಾರೂ ನಿಂದಿಸುವುದಿಲ್ಲ. ಏಕೆಂದರೆ ಅವನು ದೂರವಿರುವುದು ಅವರ ಅನ್ನಕ್ಕಾಗಿ, ಮನೆಯವರೆಲ್ಲ ಕೂಡಿ ಮಾಡಿದ ತೀರ್ಮಾನದಂತೆ. ಆದರೂ ಅದಕ್ಕೊಂದು ಮಿತಿ ಬೇಕು. ಯುದ್ಧಕ್ಕೆ ಹೋದ ಗಂಡನಿಲ್ಲದೆ ಕೊರಗುತ್ತಿದ್ದ ಸ್ತ್ರೀಯೊಬ್ಬಳ ದನಿ ಕೇಳಿದ ಖಲೀಫ ಉಮರ್(ರ), ಮಗಳು ಹ. ಹಫ್ಸಾರನ್ನು(ರ) ವಿಚಾರಿಸಿ ಯೋಧರು ಮನೆಯಿಂದ ದೂರವಿರುವ ಕಾಲಕ್ಕೆ ಮಿತಿ ಹಾಕಿದ್ದು ಪ್ರಸಿದ್ಧವಾಗಿದೆ.

ಆದುದರಿಂದ ದೂರವಿದ್ದದ್ದೇ ತಪ್ಪಲ್ಲ, ದಾಖಲೆಯ ಆಸೆಯೂ ತಪ್ಪಲ್ಲ. ಅದು ಯಾರ ಒಳಿತಿಗೆ, ಯಾರ ಒಪ್ಪಿಗೆಯಿಂದ, ಎಷ್ಟು ಕಾಲ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿರಬೇಕು. ಅನ್ನಕ್ಕಾಗಿ ಓಡುವವನಿಗೆ ಮೊದಲ ಪ್ರಶ್ನೆಗೆ ಉತ್ತರವಿದೆ. ನನ್ನಂತಹವನಿಗೆ ಮೂರಕ್ಕೂ ಇರಲಿಲ್ಲ.

ಮೌನವು ಒಪ್ಪಿಗೆಯೇ?

ಇಲ್ಲಿ ಗಂಡಸರು ಒಂದು ಮಾತು ಹೇಳುವುದುಂಟು: ಮನೆಯಲ್ಲಿ ಯಾರೂ ಬೇಡವೆಂದಿಲ್ಲ. ನಾನೂ ಹಾಗೆಯೇ ತಿಳಿದಿದ್ದೆ. ಮೌನವು ಸಮ್ಮತಿಯ ಲಕ್ಷಣ ಎಂದು ನಮ್ಮಲ್ಲಿ ಹೇಳುತ್ತಾರೆ. ಸಂಸಾರದಲ್ಲಿ ಅದು ಅನೇಕ ಬಾರಿ ದಣಿವಿನ ಲಕ್ಷಣ. ಕೇಳದವನಿಗೆ ಯಾರು ಉತ್ತರ ಕೊಟ್ಟಾರು?

ಇನ್ನೂ ಒಂದು ವಿಚಾರವನ್ನು ನಾವು ಪ್ರಾಮಾಣಿಕವಾಗಿ ನೋಡಬೇಕು. ತಂದೆ ಓಡಲು ಹೊರಟರೆ, ಶಿಸ್ತಿನ ಮನುಷ್ಯ ಎನ್ನುತ್ತಾರೆ. ತಾಯಿ ಒಂದು ಗಂಟೆ ನಡೆಯಲು ಹೊರಟರೆ, ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳುತ್ತಾರೆ. ಈ ಪ್ರಶ್ನೆಯನ್ನು ನನಗೆ ನಾಲ್ಕು ವರ್ಷಗಳಲ್ಲಿ ಒಬ್ಬರೂ ಕೇಳಲಿಲ್ಲ. ಶರೀರದ ಹಕ್ಕು ಎಂದರೆ ಗಂಡಸಿನ ಶರೀರದ ಹಕ್ಕು ಎಂದು ಯಾವ ಹದೀಸಿನಲ್ಲಿದೆ? ನನ್ನ ಪತ್ನಿ ಹೈಸ್ಕೂಲಿನಲ್ಲಿ 800 ಮೀಟರ್ ಓಟದಲ್ಲಿ ತಾಲೂಕು ಮಟ್ಟಕ್ಕೆ ಹೋಗಿದ್ದವಳು. ಮದುವೆಯಾಗಿ ಹನ್ನೊಂದು ವರ್ಷಗಳಿಂದ ಈ ಸಂಗತಿ ನನಗೆ ಗೊತ್ತಿತ್ತು. ಅವಳ ಅಂದಿನ ಸಮಯ ಎಷ್ಟೆಂದು ಒಮ್ಮೆಯೂ ಕೇಳಿರಲಿಲ್ಲ.

ಪ್ರವಾದಿವರ್ಯರು(ಸ) ಹ. ಆಯಿಶಾರೊಡನೆ(ರ) ಓಡಿದ ಘಟನೆ ಎಲ್ಲರಿಗೂ ತಿಳಿದಿದೆ. ಪ್ರಯಾಣವೊಂದರಲ್ಲಿ ಜೊತೆಗಿದ್ದವರನ್ನು ಮುಂದೆ ಕಳುಹಿಸಿ, ಬಾ, ಓಡೋಣ ಎಂದು ಅವರೇ ಕರೆದರು. ಅಂದು ಆಯಿಶಾ(ರ) ಗೆದ್ದರು. ವರ್ಷಗಳ ಬಳಿಕ, ಅವರ ಮೈ ತುಂಬಿಕೊಂಡ ಕಾಲದಲ್ಲಿ ಮತ್ತೊಮ್ಮೆ ಓಡಿದರು. ಈ ಬಾರಿ ಪ್ರವಾದಿವರ್ಯರು(ಸ) ಗೆದ್ದು, ಇದು ಅಂದಿನದಕ್ಕೆ ಬದಲಾಯಿತು ಎಂದು ತಮಾಷೆ ಮಾಡಿದರು (ಅಬೂದಾವೂದ್). ಸಾಮಾನ್ಯವಾಗಿ ನಾವು ಇದನ್ನು ದಾಂಪತ್ಯದ ಸರಸಕ್ಕೆ ಉದಾಹರಣೆಯಾಗಿ ಹೇಳಿ ಮುಂದೆ ಹೋಗುತ್ತೇವೆ. ಇದರಲ್ಲಿ ಇನ್ನೂ ಇದೆ. ಒಂದು ಸಮುದಾಯದ ಭಾರ ಹೊತ್ತವರು, ಸೇನೆ ಮುನ್ನಡೆಸುವವರು ಪತ್ನಿಯ ಓಟಕ್ಕಾಗಿ ಸಮಯ ಬಿಡಿಸಿಕೊಂಡರು. ಎಷ್ಟೋ ವರ್ಷ ಹಿಂದಿನ ಅವರ ಗೆಲುವನ್ನು ಮರೆಯದೆ ನೆನಪಿಟ್ಟುಕೊಂಡಿದ್ದರು. ಅವರು ನೆನಪಿಟ್ಟದ್ದು ಪತ್ನಿಯ ದಾಖಲೆಯನ್ನು. ನನ್ನ ಪುಸ್ತಕದ ತುಂಬ ಇದ್ದದ್ದು ನನ್ನದೇ ದಾಖಲೆ.

ನಿಜವಾದ ಸಈ

ಇಸ್ಲಾಮಿನಲ್ಲಿ ಒಂದು ಓಟ ಆರಾಧನೆಯ ಭಾಗವಾಗಿ ಶಾಶ್ವತವಾಗಿ ಉಳಿದಿದೆ. ಹಜ್ಜ್ ಮತ್ತು ಉಮ್ರಾ ನಿರ್ವಹಿಸುವ ಪ್ರತಿಯೊಬ್ಬರೂ ಸಫಾ-ಮರ್ವಾಗಳ ನಡುವೆ ಏಳು ಬಾರಿ ನಡೆಯುತ್ತಾರೆ. ಒಟ್ಟು ದೂರ ಮೂರು ಕಿಲೋಮೀಟರಿನಷ್ಟು. ನಡುವಿನ ಹಸಿರು ದೀಪಗಳ ಜಾಗದಲ್ಲಿ ಪುರುಷರು ಬಿರುಸಾಗಿ ಓಡುತ್ತಾರೆ. ಅದು ಯಾರ ಓಟ? ಯೋಧನ ಓಟವಲ್ಲ, ಪಂದ್ಯ ಗೆದ್ದವನ ಓಟವೂ ಅಲ್ಲ. ನಿರ್ಜನ ಕಣಿವೆಯಲ್ಲಿ ಬಾಯಾರಿ ಒದ್ದಾಡುತ್ತಿದ್ದ ಹಸುಳೆ ಇಸ್ಮಾಈಲ್(ಅ)ರಿಗಾಗಿ ನೀರು ಹುಡುಕಿದ ತಾಯಿ ಹಾಜರಾ(ಅ)ರ ಓಟ. ಗುಡ್ಡದ ಮೇಲೆ ಹತ್ತಿ ನೋಡಿದರು, ಕಣಿವೆಗಿಳಿದಾಗ ಉಡುಪನ್ನೆತ್ತಿ ಓಡಿದರು, ಮತ್ತೆ ಹತ್ತಿದರು. ಸಮಯ ಅಳೆಯುವವರು ಅಲ್ಲಿ ಯಾರೂ ಇರಲಿಲ್ಲ. ಆ ಓಟದಿಂದ ಆಕೆಗೆ ನೀರು ಸಿಗಲೂ ಇಲ್ಲ. ನೀರು ಚಿಮ್ಮಿದ್ದು ಮಗುವಿನ ಬಳಿಯಲ್ಲಿ. ಆದರೂ ಅಲ್ಲಾಹನು ಆ ಓಟವನ್ನು ವ್ಯರ್ಥಗೊಳಿಸಲಿಲ್ಲ. ಲೋಕಾಂತ್ಯದವರೆಗೆ ರಾಜನೂ ಬಡವನೂ ಆ ತಾಯಿಯ ಹೆಜ್ಜೆಯಲ್ಲಿ ಹೆಜ್ಜೆಯಿಡುವಂತೆ ಮಾಡಿದನು.

ಇದನ್ನು ಹೇಳಿದ್ದು ನಮ್ಮ ಪ್ರತಿಯೊಂದು ಓಟವೂ ಮಕ್ಕಳಿಗಾಗಿಯೇ ಇರಬೇಕು ಎಂಬ ಕಾರಣಕ್ಕಲ್ಲ. ಹಾಗೆ ಸಾಧ್ಯವೂ ಇಲ್ಲ. ಆದರೆ ನಾವು ಏದುಸಿರು ಬಿಡುತ್ತಾ ಓಡುವಾಗ ನಮ್ಮ ಮಗು ಯಾವ ಕಡೆಗಿದೆ ಎಂದು ಒಮ್ಮೆ ತಿರುಗಿ ನೋಡಬೇಕು. ಹಾಜರಾ(ಅ) ಎಷ್ಟು ಓಡಿದರೂ ಮತ್ತೆ ಮತ್ತೆ ಮಗುವಿನತ್ತಲೇ ಮರಳುತ್ತಿದ್ದರು.

ಪರಲೋಕದಲ್ಲಿ ಮನುಷ್ಯನ ಪಾದಗಳು ಕದಲುವ ಮೊದಲು ಅವನ ಆಯುಷ್ಯದ ಬಗ್ಗೆ, ಜ್ಞಾನದ ಬಗ್ಗೆ, ಸಂಪತ್ತಿನ ಬಗ್ಗೆ ವಿಚಾರಣೆಯಾಗುವುದೆಂದು ಹದೀಸಿನಲ್ಲಿದೆ. ಶರೀರವನ್ನು ಯಾವುದರಲ್ಲಿ ಸವೆಸಿದೆ ಎಂಬ ಪ್ರಶ್ನೆಯೂ ಅದರಲ್ಲಿದೆ (ತಿರ್ಮಿದಿ). ಶರೀರವನ್ನು ಸವೆಸದೆ ಕಾಪಾಡಿಟ್ಟೆಯಾ ಎಂದು ಅಲ್ಲಿ ಕೇಳಿಲ್ಲ. ಶರೀರ ಇರುವುದೇ ಸವೆಯಲಿಕ್ಕೆ. ಓಟಗಾರನ ಮೊಣಕಾಲೂ ಸವೆಯುತ್ತದೆ, ರಾತ್ರಿಯಿಡೀ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ನಡೆದ ತಾಯಿಯ ಸೊಂಟವೂ ಸವೆಯುತ್ತದೆ. ಯಾವುದಕ್ಕಾಗಿ ಎಂಬುದೇ ವಿಚಾರಣೆಯ ವಿಷಯ.

ಆ ಸ್ಪರ್ಧೆಗೆ ನಾನು ಹೋದೆ, ಕೇಳಿಯೇ ಹೋದೆ. ಅದಕ್ಕೆ ಮೊದಲಿನ ಹತ್ತು ರಾತ್ರಿಗಳಲ್ಲಿ ಐದು ರಾತ್ರಿ ಮಗು ನನ್ನ ಹೆಗಲ ಮೇಲಿತ್ತು. 44 ನಿಮಿಷ 12 ಸೆಕೆಂಡುಗಳಲ್ಲಿ ಓಟ ಮುಗಿಸಿದೆ. ಇಪ್ಪತ್ತರ ಆ ಯುವಕ ಇನ್ನೂ ನನ್ನಿಂದ ಮೂರು ನಿಮಿಷ ಮುಂದಿದ್ದಾನೆ. ಅವನನ್ನು ಹಿಡಿಯುವ ಆಸೆ ಸತ್ತಿದೆಯೆಂದು ಹೇಳಿದರೆ ಸುಳ್ಳಾದೀತು. ಮಕ್ಕಳು ದೊಡ್ಡವರಾದ ಮೇಲೆ ಅಲ್ಲಾಹನು ಆಯುಷ್ಯ, ಆರೋಗ್ಯ ಕೊಟ್ಟರೆ ನೋಡೋಣ. ಕೊಡದಿದ್ದರೂ ನಷ್ಟವಿಲ್ಲ.

ಈಗ ವಾರಕ್ಕೆ ಮೂರು ಮುಂಜಾನೆ ನನ್ನವು. ಎರಡು ಮುಂಜಾನೆ ಪತ್ನಿಯವು. ಮನೆಯ ಹಿಂದಿನ ತೋಟದ ದಾರಿಯಲ್ಲಿ ಅವಳು ನಡೆಯುತ್ತಾಳೆ, ಒಮ್ಮೊಮ್ಮೆ ಓಡುತ್ತಾಳೆ. ಆಗ ರೊಟ್ಟಿಯೂ ಜಡೆಯೂ ನನ್ನ ಪಾಲಿಗೆ. ಜಡೆ ಇನ್ನೂ ನೆಟ್ಟಗೆ ಬರುತ್ತಿಲ್ಲವೆಂದು ಮಗಳ ದೂರು ಇದೆ. ನೋಟ್ ಪುಸ್ತಕದಲ್ಲಿ ಈಗ ಎರಡು ಕಾಲಮುಗಳಿವೆ. ಒಂದರಲ್ಲಿ ಓಡಿದ ಸಮಯ, ಇನ್ನೊಂದರಲ್ಲಿ ಮನೆಯವರು ಕೊಟ್ಟ ಸಮಯ. ಎರಡನೆಯದನ್ನು ಬರೆಯತೊಡಗಿದಂದಿನಿಂದ ಮೊದಲನೆಯದರ ಮೇಲಿನ ವ್ಯಾಮೋಹ ಸ್ವಲ್ಪ ತಗ್ಗಿದೆ.

ಓಟದ ಬದಲಿಗೆ ವ್ಯಾಪಾರ, ಸಂಘಟನೆಯ ಕೆಲಸ, ಉನ್ನತ ವ್ಯಾಸಂಗ, ಸಮಾಜ ಸೇವೆ, ಕೊನೆಗೆ ದೀನಿನ ಪ್ರಚಾರ ಕಾರ್ಯ ಎಂದು ಬೇಕಾದರೂ ಓದುಗರು ಸೇರಿಸಿಕೊಳ್ಳಬಹುದು. ಎಲ್ಲ ಒಳ್ಳೆಯ ಕೆಲಸಗಳಿಗೂ ಆ ಎರಡನೆಯ ಕಾಲಮು ಇದೆ. ಅದನ್ನು ನಾವು ಬರೆಯದಿದ್ದರೂ ಬರೆಯುವವರಿದ್ದಾರೆ. ನಮ್ಮ ಎರಡೂ ಭುಜಗಳ ಬಳಿಯಿರುವ ಆ ಗೌರವಾನ್ವಿತ ಬರಹಗಾರರ ಲೆಕ್ಕದಲ್ಲಿ ಒಂದು ಸೆಕೆಂಡೂ ತಪ್ಪಿಹೋಗದು. ಆ ಪುಸ್ತಕ ನಮ್ಮ ಕೈಗೆ ಬರುವ ಮೊದಲು ನಮ್ಮ ಪುಸ್ತಕವನ್ನು ನಾವೇ ತಿದ್ದಿಕೊಳ್ಳುವುದು ಲೇಸು.

ಹಕ್ಕುದಾರರಿಗೆ ಅವರವರ ಹಕ್ಕನ್ನು ಸಲ್ಲಿಸುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.